ಹಗುರ ಕೈಯ ಕೂದಲಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮಿದುಳು ವಿಭಾಗದ ಕೊನೆಯ ಕೋಣೆಯಲ್ಲಿ ಆಗಲೇ ಟ್ರಿಮ್ಮರ್ ಗುಂಯ್‌ಗುಟ್ಟುತ್ತಿದೆ. ಸ್ಟೂಲಿನ ಮೇಲೆ ನಿವೃತ್ತ ಮೇಷ್ಟರೊಬ್ಬರು ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತಿದ್ದಾರೆ. ಇಂದು ಅವರ ತಲೆಯ ಆಪರೇಷನ್. ಹಿಂದೆ ನಿಂತ ಹೆಂಗಸು ಅವರ ಕಿವಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮಡಚಿ, ಅದರ ಹಿಂದಿನ ಕೂದಲು ತೆಗೆಯುತ್ತಾಳೆ.

"ಹೆದರ್ಬೇಡಿ ಸಾರ್. ಹೊರಗಡೆ ಎಷ್ಟೋ ಜನ ಹೇಳ್ದೆ ಕೇಳ್ದೆ ನಮ್ಮ ತಲೆ ಬೋಳಿಸ್ತಾರೆ. ನಾನು ಹೇಳೇ ಬೋಳಿಸ್ತೀನಿ."

ಮೇಷ್ಟರು ನಗುತ್ತಾರೆ. ಬಿಗಿದ ಹೆಗಲು ಸಡಿಲವಾಗುತ್ತದೆ.

ಎಲ್ಲರೂ ಆಕೆಯನ್ನು ಕರೆಯುವುದು ಕೂದಲಕ್ಕ ಎಂದು. ನೆಲ ಒರೆಸಲು ಸೇರಿದವಳು, ಹಳೆಯ ಕ್ಷೌರಿಕ ಕೆಲಸ ಬಿಟ್ಟಾಗ ಈ ಕೋಣೆಗೆ ಬಂದಳು. ದಿನಕ್ಕೆ ನಾಲ್ಕೈದು ತಲೆ. ಅಪಘಾತಗಳಾದ ದಿನ ಲೆಕ್ಕವಿಲ್ಲ. ಗೀರು ಬಿದ್ದರೆ ಸೋಂಕು ಒಳಗಿಳಿಯಬಹುದೆಂದು ಬ್ಲೇಡು ಮುಟ್ಟುವುದಿಲ್ಲ. ಹೆಂಗಸರ ಜಡೆಯನ್ನು ತುಂಡು ತುಂಡು ಮಾಡದೆ ಹಾಗೇ ಕತ್ತರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಅವರ ಕೈಗೇ ಕೊಡುತ್ತಾಳೆ.

ಇಷ್ಟು ಹೇಳಿ ಹೊಗಳಿದರೆ ಕೂದಲಕ್ಕ ಮುಖ ತಿರುಗಿಸುತ್ತಾಳೆ. "ನನ್ನ ಬಗ್ಗೆ ಒಳ್ಳೇದೇ ಬರೆಯೋದಾದ್ರೆ ಬೇಡ. ನಮ್ಮತ್ತೆಗೆ ನಾನು ಮಾಡಿದ್ದನ್ನೂ ಬರೀರಿ."

ಎರಡು ವರ್ಷದ ಹಿಂದಿನ ಮಾತು. ಅಡುಗೆಮನೆಯ ತೆರೆದ ಕಪಾಟಿನ ಬಾಗಿಲು ಅತ್ತೆಯ ತಲೆಗೆ ಬಡಿಯಿತು. ರಕ್ತ ಬರಲಿಲ್ಲ. ಒಂದು ಚಿಕ್ಕ ಬುಗುಟೆ ಎದ್ದು ಇಳಿಯಿತು, ಎಲ್ಲರೂ ಮರೆತರು. ಕೆಲವು ವಾರ ಕಳೆದ ಮೇಲೆ ಅತ್ತೆ ಹಾಡುಹಗಲೇ ತೂಕಡಿಸತೊಡಗಿದರು. ಕೈಯಿಂದ ಲೋಟ ಜಾರುತ್ತಿತ್ತು. ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿದರೂ ತಿಳಿಯದೆ ನಡೆದುಹೋಗುತ್ತಿದ್ದರು. ಆಗಷ್ಟೇ ಅತ್ತೆ-ಸೊಸೆಗೆ ಒಂದು ಜಗಳವಾಗಿತ್ತು. ಕೆಲಸ ತಪ್ಪಿಸಿಕೊಳ್ಳಲು ಮುದುಕಿ ಆಟ ಕಟ್ಟಿದ್ದಾಳೆ ಎಂದೇ ಸೊಸೆ ತಿಳಿದಳು.

"ಚಪ್ಪಲಿ ಜಾರುತ್ತೆ, ಮಂಕಾಗಿದಾರೆ ಅಂತ ಪೇಶಂಟ್ ಕಡೆಯವ್ರು ದಿನಾ ನನ್ನ ಮುಂದೇನೇ ಹೇಳ್ತಾರೆ. ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಮನೇಲಿ ಮಾತ್ರ ಕಣ್ಣಿಗೆ ಮಣ್ಣು ಬಿದ್ದಿತ್ತು."

ಒಂದು ಬೆಳಿಗ್ಗೆ ಅತ್ತೆ ಹಾಸಿಗೆ ಒದ್ದೆ ಮಾಡಿಕೊಂಡರು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. "ನೋಡಿ, ಮಗು ಹುಟ್ಟಿದೆ ನಮ್ಮನೇಲಿ," ಎಂದು ಕೂದಲಕ್ಕ ನಕ್ಕಳು. ಆಕೆಯೂ ನಕ್ಕಳು. ಅತ್ತೆಯ ಕೈಯಿಂದಲೇ ಆ ಹೊದಿಕೆ ಒಗೆಸಿ ಕೆಲಸಕ್ಕೆ ಹೊರಟಳು.

ಅಂದು ಮಧ್ಯಾಹ್ನ ನರ್ಸ್ ಕರೆದಳು: "ಅಕ್ಕಾ, ಎಮರ್ಜೆನ್ಸಿ. ಬೇಗ ಬಾ." ಟ್ರಿಮ್ಮರ್ ಹಿಡಿದು ಓಡಿದಳು. ಟ್ರಾಲಿಯ ಮೇಲೆ ಅತ್ತೆ. ಪಕ್ಕದಲ್ಲಿ ಗಂಡ, ಕಾಲಲ್ಲಿ ಚಪ್ಪಲಿ ಕೂಡ ಇಲ್ಲದೆ.

"ಎಷ್ಟು ದಿನದಿಂದ ಹೀಗಿದಾರೆ?" ಎಂದು ಡಾಕ್ಟ್ರಮ್ಮ ಕೇಳಿದರು.

"ನಿನ್ನೆಯಿಂದ," ಎಂದಳು ಕೂದಲಕ್ಕ. ಗಂಡ ಅವಳ ಮುಖ ನೋಡಿದ.

ಡಾಕ್ಟ್ರಮ್ಮ ಸ್ಕ್ಯಾನ್ ತೋರಿಸಿದರು. ಮೂಳೆಗೂ ಮಿದುಳಿಗೂ ನಡುವೆ ಬಾಗಿದ ಒಂದು ಮಸುಕು ಪಟ್ಟಿ. "ಮಿದುಳಿನ ಮೇಲೆ ಮೂರು ಪೊರೆ ಇರುತ್ತೆ. ಸುತ್ತ ನೀರು, ಅದ್ರಲ್ಲಿ ಮಿದುಳು ತೇಲ್ತಿರುತ್ತೆ. ವಯಸ್ಸಾದ್ರೆ ಮಿದುಳು ಸ್ವಲ್ಪ ಕುಗ್ಗುತ್ತೆ, ಪೊರೆವರೆಗೆ ಹೋಗೋ ಸಣ್ಣ ರಕ್ತನಾಳಗಳು ಎಳೆದ ಹಾಗಾಗುತ್ತೆ. ಚಿಕ್ಕ ಪೆಟ್ಟಿಗೂ ಹರೀಬಹುದು. ಹೊರಗಿನ ಪೊರೆ ಕೆಳಗೆ ರಕ್ತ ಮೆಲ್ಲಗೆ ತುಂಬ್ಕೊಂಡು ಮಿದುಳನ್ನ ಒತ್ತುತ್ತೆ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಇದು ಹಳೇ ರಕ್ತ ಅಕ್ಕಾ. ನಿನ್ನೆದಲ್ಲ."

ಕೂದಲಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಾಕ್ಟ್ರಮ್ಮ ಬೈಯಲಿಲ್ಲ. "ಕೂದಲು ತೆಗಿ, ಹೊತ್ತಾಗ್ತಿದೆ," ಎಂದಷ್ಟೇ ಅಂದರು.

ಅರೆಪ್ರಜ್ಞೆಯಲ್ಲಿದ್ದ ಅತ್ತೆಗೆ ಗುರುತು ಹತ್ತಲಿಲ್ಲ. ಟ್ರಿಮ್ಮರ್ ಸದ್ದಿಗೆ ತುಟಿ ಅಲುಗಿತು. "ನನ್ನ ಸೊಸೇನೂ ಇದೇ ಕೆಲ್ಸ ಮಾಡ್ತಾಳಮ್ಮ. ಬಾಯಿ ಜೋರು. ಕೈ ಮಾತ್ರ ತುಂಬಾ ಹಗುರ."

ಕೂದಲಕ್ಕ ಅರ್ಧಕ್ಕೆ ನಿಲ್ಲಿಸಿ, ಗೋಡೆಗೆ ಒರಗಿ, ಮತ್ತೆ ಮುಗಿಸಿದಳು.

ತಲೆಬುರುಡೆಗೆ ಎರಡು ರಂಧ್ರ ಕೊರೆದು ಕಪ್ಪು ರಕ್ತ ಹರಿಸಿದರು. ಮಾರನೆಯ ದಿನವೇ ಅತ್ತೆ ಚಹಾ ಕೇಳಿದರು. ವಾರದಲ್ಲಿ ಎಡಗಾಲು ಹಿಡಿತಕ್ಕೆ ಬಂತು. ಆ ದಿನಗಳದ್ದೇನೂ ಅವರಿಗೆ ನೆನಪಿರಲಾರದು ಎಂದು ಸೊಸೆ ಒಳಗೊಳಗೇ ನಂಬಿಕೊಂಡಳು. ಆ ನಂಬಿಕೆಯಲ್ಲೇ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಕೊನೆಗೊಂದು ಸಂಜೆ, ಅತ್ತೆಯ ಮೊಳೆತ ಕೂದಲಿಗೆ ಎಣ್ಣೆ ಹಚ್ಚುತ್ತಾ, "ಅತ್ತೆ, ಅವತ್ತು ಆ ಹೊದಿಕೆ..." ಎಂದು ಶುರುಮಾಡಿದಳು.

"ಗೊತ್ತು," ಎಂದರು ಅತ್ತೆ. "ಒದ್ದೆಯಾದ್ಮೇಲೆ ಎಷ್ಟು ಭಾರ ಇತ್ತು ಅದು. ಎತ್ತೋಕೇ ಆಗ್ಲಿಲ್ಲ." ಅಷ್ಟೇ. ಮತ್ತೆ ಆ ಮಾತೆತ್ತಿಲ್ಲ.

ಈಗ ಮೇಷ್ಟರನ್ನು ಒಳಗೆ ಕರೆದೊಯ್ದಿದ್ದಾರೆ. ಕೂದಲಕ್ಕ ಸ್ಟೂಲು ಒರೆಸುತ್ತಾಳೆ. ನಿಮಗೇನು ಆಸೆ ಎಂದು ಕೇಳಿದರೆ ಟ್ರಿಮ್ಮರ್‌ಗೆ ಅಂಟಿದ ಕೂದಲು ಊದಿ ತೆಗೆಯುತ್ತಾಳೆ.

"ನಮ್ಮತ್ತೆ ನನ್ನ ಒಂದ್ಸಲ ಬಾಯ್ತುಂಬಾ ಬೈಬೇಕು. ಆ ಪಕ್ಕದ ಮನೆಯವಳ ಎದುರಿಗೇ."