ಕೇಂಬ್ರಿಡ್ಜಿನಲ್ಲಿ ಬಂದ ಊರಿನ ಮಾತು

ಪೆಟ್ರೋಲಿಯಂ ಬೆಲೆ ಕುಸಿದ ವರ್ಷ ನನ್ನ ಗಂಡನ ಕೆಲಸ ಹೋಯಿತು. ದುಬೈಯ ಅಲ್ ಕೂಜ್‌ನ ಗೋದಾಮೊಂದರಲ್ಲಿ ಮ್ಯಾನೇಜರ್ ಆಗಿದ್ದವರನ್ನು ಒಂದು ಬೆಳಿಗ್ಗೆ ಕರೆದು "ಖಲಾಸ್" ಎಂದರು, ಅಷ್ಟೇ. ಇಂಗ್ಲೆಂಡ್ ಪ್ರವಾಸದ ಟಿಕೆಟು, ವೀಸಾ ಎಲ್ಲ ಅದಕ್ಕೂ ಮೊದಲೇ ಆಗಿತ್ತು. ಹೋಗಿ ಬಂದ ಮೇಲೆ ದುಬೈ ವೀಸಾ ಕ್ಯಾನ್ಸಲ್ ಮಾಡಿಸಿ ಉಡುಪಿಗೆ ಹೊರಡುವುದೆಂದು ನಾವಿಬ್ಬರೂ ನಿಶ್ಚಯಿಸಿದೆವು. ದುಬೈಯ ಮಿರ್ದಿಫ್ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲೇ ಬೆಳೆದ ಹದಿನಾಲ್ಕರ ಮಗಳಿಗೆ ಮಾತ್ರ ಹೇಳಿರಲಿಲ್ಲ. ಪ್ರವಾಸವಾದರೂ ನೆಮ್ಮದಿಯಾಗಿ ಮುಗಿಯಲಿ ಅಂತ.

ಕೇಂಬ್ರಿಡ್ಜ್ ಬೆಳಿಗ್ಗೆಯಿಂದಲೇ ನನ್ನನ್ನು ದಂಗುಬಡಿಸಿತ್ತು. ಜುಲೈ ತಿಂಗಳಲ್ಲಿ ಸ್ವೆಟರ್! ದುಬೈಯಲ್ಲಿ ಇಪ್ಪತ್ತು ವರ್ಷದ ಕಟ್ಟಡವೆಂದರೆ "ಓಲ್ಡ್ ಬಿಲ್ಡಿಂಗ್, ಬೇಡ" ಎಂದು ಮೂಗು ಮುರಿಯುತ್ತೇವೆ; ಇಲ್ಲಿ ಐನೂರು ವರ್ಷದ ಕಟ್ಟಡದ ಕಿಟಕಿಯಲ್ಲಿ ಯಾರದೋ ಟವೆಲ್ಲು ಒಣಗುತ್ತಿತ್ತು. ಗೈಡ್ ಹೆಂಗಸು ಇನ್ನೊಂದು ಕಿಟಕಿ ತೋರಿಸಿ, ಹಿಂದೆ ಒಬ್ಬ ಪ್ರೊಫೆಸರು ಹುಡುಗನಾಗಿ ಬಂದು ಸಾಯುವವರೆಗೂ ಅದೇ ಕೋಣೆಯಲ್ಲಿದ್ದರು ಎಂದಳು. ಮಗಳು ನನ್ನ ಕಿವಿಯಲ್ಲಿ ಕೇಳಿದಳು, "ಅವರ ವೀಸಾ ಯಾರು ರಿನ್ಯೂ ಮಾಡ್ತಿದ್ದದ್ದು?"

ನಾನು ನಕ್ಕೆ. ಗಂಡ ನಗಲಿಲ್ಲ.

ಮಧ್ಯಾಹ್ನ ಹಸಿವಾಯಿತು. ಕಾಲೇಜಿನ ಅಂಗಳದ ನಡುವೆ ಸೊಂಪಾದ ಹುಲ್ಲು, ಒಂದು ನರಪಿಳ್ಳೆ ಇಲ್ಲ. ಹುಲ್ಲು ಕಂಡಲ್ಲಿ ಚಾಪೆ ಬಿಡಿಸುವುದು ದುಬೈಯಲ್ಲಿ ನಮಗೆ ಅಂಟಿದ ಚಾಳಿ. ಶುಕ್ರವಾರದ ರಜೆಗೆ ಪಾರ್ಕಿನಲ್ಲಿ ಜಾಗ ಸಿಕ್ಕಿದರೆ ಪುಣ್ಯ. "ಇಷ್ಟು ಒಳ್ಳೆ ಹುಲ್ಲು ಖಾಲಿ ಬಿಟ್ಟಿದ್ದಾರಲ್ಲ ಮಾರ್ರೆ!" ಎನ್ನುತ್ತ ಚಪ್ಪಲಿ ಕಳಚಿ, ಶಾಲು ಹಾಸಿ ಕುಳಿತೇಬಿಟ್ಟೆ. ಚಪಾತಿಯ ಡಬ್ಬಿ ತೆರೆಯುವಷ್ಟರಲ್ಲಿ ಕಪ್ಪು ಹ್ಯಾಟಿನ ಮುದುಕನೊಬ್ಬ ಕೈ ಬೀಸುತ್ತ ಓಡಿ ಬಂದ. ಆ ಹುಲ್ಲಿನ ಮೇಲೆ ಕಾಲಿಡುವ ಹಕ್ಕು ಕಾಲೇಜಿನ ಹಿರಿಯ ಅಧ್ಯಾಪಕರಿಗೆ ಮಾತ್ರವಂತೆ, ಅಲ್ಲೇ ಓದುವ ಮಕ್ಕಳೂ ತುಳಿಯುವಂತಿಲ್ಲವಂತೆ! ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಕೂರಲಿಕ್ಕಿಲ್ಲದ ಹುಲ್ಲನ್ನು ಯಾವ ಸೌಭಾಗ್ಯಕ್ಕೆ ಬೆಳೆಸುವುದು?

ಮಗಳ ಮುಖ ಅವಮಾನದಿಂದ ಕೆಂಪಾಗಿತ್ತು. ಹೊರಗೆ ಬಂದು ನದಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಚಪಾತಿ ತಿನ್ನುವಾಗ ಸಣ್ಣ ಮಳೆ ಬೇರೆ ಶುರುವಾಯಿತು. ಅವಳು ಕೈಯಲ್ಲಿದ್ದ ತುಂಡನ್ನು ಡಬ್ಬಿಗೆ ಹಾಕಿ ಹೇಳಿದಳು, "ಸಾಕಮ್ಮ. ಊರಿಗೆ ಹೋಗುವ."

ನಮ್ಮ ಮನೆಯಲ್ಲಿ ಊರೆಂದರೆ ಉಡುಪಿ. ಊರಿಗೆ ಫೋನ್ ಮಾಡುತ್ತೇವೆ, ಊರಿಂದ ಹಪ್ಪಳ ತರುತ್ತೇವೆ. ದುಬೈಗೆ ದುಬೈ ಎಂದೇ ಹೇಳುವುದು. ಅವಳ ಬಾಯಿಂದ ಆ ಮಾತು ತಾನಾಗಿ ಬಂತಲ್ಲ ಎಂದು ನನ್ನ ಎದೆಯ ಭಾರವೇ ಇಳಿಯಿತು. ಹಿಂದೆಮುಂದೆ ನೋಡದೆ ಅಂದುಬಿಟ್ಟೆ:

"ಹೋಗುವ ಮಗಾ. ಅಜ್ಜಿ ಮನೆ ಹತ್ರವೇ ಶಾಲೆ ನೋಡಿ ಆಗಿದೆ. ನಿನಗೆ ಬಸ್ಸೂ ಬೇಡ."

"ವಾಟ್ ಸ್ಕೂಲ್?"

ಗಂಡ ಕಣ್ಣು ಮುಚ್ಚಿಕೊಂಡರು.

"ನೀನೇ ಹೇಳಿದ್ದಲ್ವಾ, ಊರಿಗೆ ಅಂತ?"

"ಊರು ಅಂದ್ರೆ ನಮ್ಮ ಮನೆ ಅಮ್ಮಾ. ಮಿರ್ದಿಫ್!"

ನನಗೆ ಸಿಡಿಲು ಬಡಿದ ಹಾಗಾಯಿತು. ವೀಸಾ ಇದ್ದರೆ ಇದ್ದೇವೆ, ಇಲ್ಲವಾದರೆ ಇಲ್ಲ ಎಂದುಕೊಂಡೇ ನಾನು ದಿನ ಕಳೆದ ಜಾಗ ಅದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಅದು ಯಾವಾಗ ಊರಾಯಿತು? ನನ್ನ ಕಣ್ಣೆದುರೇ ಆಗಿದೆ, ನನಗೆ ಗೊತ್ತಾಗಲಿಲ್ಲ. ಉಳಿದದ್ದನ್ನು ಗಂಡನೇ ಹೇಳಿದರು: ಕೆಲಸ ಹೋದದ್ದು, ಕ್ಯಾನ್ಸಲ್ಲು, ಮುಂದಿನ ತಿಂಗಳು ಹೊರಡುವುದು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು.

ಲಂಡನ್ನಿಗೆ ಮರಳುವ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿ ಅವಳು ಕುಳಿತಿದ್ದಳು. ಕೋಪ ಬಂದರೆ ಇಂಗ್ಲಿಷನ್ನು ಬಿಡದ ಹುಡುಗಿ, ಈಗ ಕನ್ನಡದಲ್ಲಿ ಕೇಳಿದಳು.

"ನನ್ನ ರೂಮಲ್ಲಿ ಇನ್ನು ಯಾರು ಇರ್ತಾರೆ?"

"ಗೊತ್ತಿಲ್ಲ ಮಗಾ" ಎಂದೆ.

ಗೊತ್ತಿತ್ತು. ಪ್ರವಾಸಕ್ಕೆ ಹೊರಡುವ ಮೊದಲು, ಅವಳು ಟ್ಯೂಷನ್ನಿಗೆ ಹೋಗಿದ್ದ ಹೊತ್ತಿನಲ್ಲಿ, ಮನೆಯ ಮಾಲೀಕರು ಇನ್ನೊಂದು ಕುಟುಂಬವನ್ನು ಕರೆತಂದು ಮನೆ ತೋರಿಸಿದ್ದರು. ಅವರ ಪುಟ್ಟ ಹುಡುಗಿ ನನ್ನ ಮಗಳ ಮಂಚ ಹತ್ತಿ ಕುಣಿದು, ಇದು ನನ್ನ ರೂಮು ಎಂದು ಕೂಗಿದ್ದಳು. ನಾನೇ ಅವಳ ಕೈಗೊಂದು ಚಾಕಲೇಟು ಕೊಟ್ಟು ಕಳಿಸಿದ್ದೆ.