ಲೋಕದ ಅಂತ್ಯಕ್ಕೆ ಅಜ್ಜಿ ಗಾಡಿ ಕಟ್ಟಿಸಿದ್ದು

ಗೆಳೆಯರೇ, ಇವತ್ತು ಬೆಳಿಗ್ಗೆ ಶಾಂತಿಗ್ರಾಮದ ನಮ್ಮ ಮನೆ ಮುಂದೆ ಅಜ್ಜಿ ಲೋಕದ ಅಂತ್ಯಕ್ಕೆಂದು ಎತ್ತಿನ ಗಾಡಿ ಕಟ್ಟಿಸಿದಳು.

ಊರಿಗೆಲ್ಲ ಫ್ಲೂ ಜ್ವರ. ಅವ್ವನಿಗೂ ಮೈ ಸುಡುತ್ತಿದೆ. ಕಡೆಗಾಲದಲ್ಲಿ ರೋಗಗಳು ಬರುತ್ತವೆ, ಜನ ಬೆಟ್ಟಕ್ಕೆ ಓಡಬೇಕು ಎಂದು ಬಸ್ ನಿಲ್ಲುವ ಕಡೆ ಕ್ರೈಸ್ತ ಬೋಧಕರೊಬ್ಬರು ಸಾರಿ, ಒಂದು ಪುಸ್ತಕವನ್ನೂ ಕೊಟ್ಟಿದ್ದರು. ಅಜ್ಜಿ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬದುಕುಳಿದವಳು.

"ಅಂಗಂತ ಬರ್ದೈತೇನ್ಲಾ?" ಎಂದು ಆ ಪುಸ್ತಕವನ್ನು ನನ್ನ ಕೈಗಿಟ್ಟಳು. ಸ್ಕೂಲು ಬಿಟ್ಟರೂ ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ಬರೆದಿತ್ತು, ಹೌದು ಎಂದೆ.

"ಇಲ್ಲ ಅಂದಿದ್ರೆ ನಿನ್ ಗಂಟೇನ್ ಓಗ್ತಿತ್ತು?" ಎಂದು ಅಪ್ಪ ಬೈದ.

ಜ್ವರದ ಅವ್ವನನ್ನು ಗಾಡಿಗೆ ಹತ್ತಿಸುವಷ್ಟರಲ್ಲಿ ನಾನು ಓಡಿಹೋಗಿ ಬೋಧಕರನ್ನೇ ಕರೆತಂದೆ. "ಆ ರೋಗ ಇದೇನಾ ಸಾ?"

"ಯಾವ ರೋಗ ಅಂತ ಬರೆದಿಲ್ಲಪ್ಪ. ಅಂತ್ಯ ಯಾವಾಗ ಅನ್ನೋದೂ ದೇವರೊಬ್ಬನಿಗೇ ಗೊತ್ತು."

ಅಜ್ಜಿ ನಡುವೆ ಬಂದಳು. "ಅದಿರ್ಲಿ ಸಾಮಿ, ವಾಪಸ್ ಬರಾದು ಯಾವಾಗ?"

"ವಾಪಸ್ ಬರೋದಿಲ್ಲಮ್ಮ. ಈ ಲೋಕವೇ ಇರೋದಿಲ್ಲ."

"ನಮ್ ವಲ?"

"ಅದೂ ಇರೋದಿಲ್ಲ."

"ಮತ್ತೆ ಗುಡ್ಲು ಎಲ್ಲಿ ಆಕಾನ? ಇಳ್ಸ್ಲಾ ಸಾಮಾನ!"

ಅವ್ವ ಹಾಸಿಗೆಗೆ ಮರಳಿದಳು. ರಾಗಿ ಮೂಟೆ, ಪಾತ್ರೆ, ಒರಳು ಎಲ್ಲವನ್ನೂ ನಾನೇ ಇಳಿಸಿದೆ. ಸೊಂಟ ಹಿಡಿದುಕೊಂಡಿದೆ. ಅಂತ್ಯ ಬರುವುದಾದರೆ ಬರಲಿ, ಆ ಒರಳನ್ನು ಮಾತ್ರ ನಾನು ಇನ್ನೊಮ್ಮೆ ಎತ್ತಲಾರೆ.