ಪರ್ಮಿಶನ್ ಮಾಸ್ತರನ ರೊಟ್ಟಿ ಪಾಠ

ಕಳೆದ ತಿಂಗಳು ತೀರಿಕೊಂಡ ಮಾಳಿಂಗರಾಯ ಮಸ್ಕಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳುತ್ತಿದ್ದ. ಗೆಳೆಯರ ಬಾಯಲ್ಲಿ ಅವನು 'ಪರ್ಮಿಶನ್ ಮಾಸ್ತರ'. ಬೇರೆಯವರ ಚಿತ್ರವನ್ನು ಕ್ಲಾಸಿನೊಳಗೆ ತೋರಿಸಿ ಪಾಠ ಹೇಳಲು ಕಾನೂನು ಬಿಡುತ್ತದೆ, ಅದನ್ನೇ ಯೂಟ್ಯೂಬಿಗೆ ಏರಿಸುವುದಾದರೆ ಒಡೆಯನನ್ನು ಕೇಳಬೇಕು ಎನ್ನುವುದು ಅವನ ನಿಲುವು. ಮದುವೆಗೆ ಹೋದರೂ ಎಲೆಗೆ ಅನ್ನ ಬೀಳುವ ಮುಂಚೆ ಇದನ್ನು ಬಡಿಸಿಬಿಡುತ್ತಿದ್ದ.

ಒಮ್ಮೆ ಯೂಟ್ಯೂಬ್ ಪಾಠವೊಂದರಲ್ಲಿ ಅರ್ಧವೃತ್ತ ತೋರಿಸಲು ಮುದಗಲ್ ಕೋಟೆಬಾಗಿಲಿನ ಫೋಟೋ ಬೇಕಾಯಿತು. ತೆಗೆದವನು ಅಲ್ಲಿನ ಫೋಟೋ ಸ್ಟುಡಿಯೋದ ಅಮೀನ್‌ಸಾಬ್. ಮಾಳಿಂಗರಾಯ ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹೋಗಿ, ಒಪ್ಪಿಗೆ ಪತ್ರ ಮುಂದಿಟ್ಟ.

"ಸರ್, ಫೋಟೋ ಒಯ್ರಿ, ಬೇಕಂದ್ರ ಕೋಟೆನೂ ಒಯ್ರಿ. ಇದಕ್ಕ ಸಹಿ ಯಾಕ್ರಿ?"

"ಕೋಟೆ ನಿಂದಲ್ಲೋ ಸಾಬ, ಫೋಟೋ ನಿಂದು. ಹಾಕು."

ಇಂಥ ಮನುಷ್ಯ ವೃತ್ತದ ಪಾಠಕ್ಕಾಗಿ, ಹೆಂಡತಿ ಪಂಪಾವತಿ ರೊಟ್ಟಿ ಬಡಿಯುವುದನ್ನು ಬೆನ್ನಹಿಂದೆ ನಿಂತು ಮೊಬೈಲಿನಲ್ಲಿ ಹಿಡಿದು, ಕೆಳಗೆ 'ರೊಟ್ಟಿ: ಪಂಪಾವತಿ' ಎಂದು ಬರೆದು ಏರಿಸಿಬಿಟ್ಟ. ಹತ್ತನೇ ಕ್ಲಾಸಿನ ಪರೀಕ್ಷೆಗೆ ನಾಲ್ಕೇ ದಿನ. ಪಾಮನಕಲ್ಲೂರಿನಂಥ ಸುತ್ತಲ ಹಳ್ಳಿಗಳ ಮಕ್ಕಳು ಮನೆಯಲ್ಲಿ ಅದನ್ನೇ ನೋಡಿ ಓದಬೇಕಿತ್ತು.

ಸಂಜೆ ಪಂಪಾವತಿ ಸಿಂಧನೂರಿನ ಕಚೇರಿಯಿಂದ ಬಂದವಳೇ ಚೀಲ ಕುಕ್ಕಿದಳು.

"ಕಚೇರ್ಯಾಗ ಎಲ್ಲಾರೂ ನನ್ನ ಹರಕ ನೈಟಿ ನೋಡಿ ನಗಾಕತ್ತಾರ. ಅಮೀನ್‌ಸಾಬ್‌ನ ಕಲ್ಲಿಗೆ ಸಹಿ ಬೇಕು, ನನಗ ಒಂದು ಮಾತಿಲ್ಲೇನ್ರಿ?"

"ಪಾಠಕ್ಕ ಬಳಸಬಹುದು ಅಂತ ಕಾನೂನಿನ್ಯಾಗ..."

"ನಮ್ಮ ಕಚೇರಿ ನಿಮ್ಮ ಕ್ಲಾಸೇನ್ರಿ?"

ಅದು ಅವನದೇ ವಾದ. ನಿಂತಲ್ಲೇ ಪಾಠ ಅಳಿಸಿದ. ತಾಸೊಪ್ಪತ್ತಿನಲ್ಲಿ ಮಕ್ಕಳ ಫೋನು ಶುರುವಾದವು: "ಸರ್, ವೃತ್ತದ ಪಾಠ ಕಾಣವಲ್ದ್ರಿ."

ಇನ್ನೊಮ್ಮೆ ಬಡಿದುಕೊಡು ಎಂದು ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಹಿಟ್ಟು ನಾದಿದ. ಫೋನು ಹಿಡಿಯಲಷ್ಟೇ ಪಂಪಾವತಿ ಒಪ್ಪಿದಳು. ರೊಟ್ಟಿ ಒಂದು ಕಡೆ ಉದ್ದವಾಯಿತು, ಇನ್ನೊಂದು ಕಡೆ ಹರಿಯಿತು. ಮಾಸ್ತರ ಅಳತೆಪಟ್ಟಿ ಇಟ್ಟು ನಾಲ್ಕು ದಿಕ್ಕಿನಲ್ಲಿ ವ್ಯಾಸ ಅಳೆದ. ನಾಲ್ಕೂ ಬೇರೆ ಬೇರೆ. ಅವನೇನು ಸೋಲುವವನೇ? "ಮಕ್ಕಳೇ, ಇದು ವೃತ್ತ ಅಲ್ಲ. ಯಾಕ ಅಲ್ಲ, ಹೇಳ್ರಿ" ಎಂದ. ಫೋನಿನ ಹಿಂದಿನಿಂದ ನಗು ಸಿಡಿಯಿತು.

ಏರಿಸುವ ಮುಂಚೆ ಫೋನನ್ನು ಅವಳ ಮುಂದೆ ಹಿಡಿದ.

"ನಿನ್ನ ನಗಿ ಬಂದದ. ಇಡ್ಲೋ, ತೆಗೀಲೋ?"

ಪಂಪಾವತಿ ಕೊನೆತನಕ ನೋಡಿದಳು. "ಇರ್ಲಿ. ಹೆಸರು ಮಾತ್ರ ಹಾಕಬ್ಯಾಡ್ರಿ."

ಹಾಕಲಿಲ್ಲ. ಮಾಳಿಂಗರಾಯ ಈಗಿಲ್ಲ. ಈ ವರ್ಷದ ಮಕ್ಕಳೂ ಅದೇ ಪಾಠ ನೋಡುತ್ತಿದ್ದಾರೆ. ಹಿಟ್ಟು ಮೆತ್ತಿದ ಕೈ ಯಾರದೆಂದು ಅವರಿಗೆ ಗೊತ್ತು. ನಕ್ಕವರು ಯಾರೆಂದು ಗೊತ್ತಿಲ್ಲ.